ಅತ್ತೆಯ ಕಣ್ಣು, ನನ್ನ ದಿಗಿಲು

ನಮ್ಮ ಅತ್ತೆಗೆ ಯಾವ ಕಾಯಿಲೆ ಬಂದರೂ ಅದರಿಂದ ನರಳುವವನು ನಾನು. ಅವಳಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಅವಳ ರಕ್ತ ತೆಗೆಯುವಾಗ ತಲೆ ತಿರುಗಿ ಬೆಂಚಿನ ಮೇಲೆ ಮಲಗಿದವನು ನಾನು. ತೋಳಿಗೆ ಹತ್ತಿ ಒತ್ತಿಕೊಂಡೇ ಎದ್ದು ಬಂದು ನನಗೆ ಬಿಸ್ಕತ್ತು ತಿನ್ನಿಸಿದವಳು ಅವಳು. ಇಬ್ಬರಲ್ಲಿ ಪೇಷೆಂಟ್ ಯಾರು ಎಂದು ಲ್ಯಾಬಿನ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ!

ನಾನಿರುವುದು ತಮಿಳುನಾಡಿನ ಮೊರಪ್ಪೂರಿನಲ್ಲಿ, ಕಚೇರಿಯೊಂದರ ಕಡತಗಳ ನಡುವೆ. ಅತ್ತೆ, ಎಂದರೆ ನಮ್ಮಪ್ಪನ ತಂಗಿ, ಇರುವುದು ಸೇಲಂ ಪಟ್ಟಣದಲ್ಲಿ, ನಮ್ಮ ಜನ ತಲೆಮಾರುಗಳಿಂದ ರೇಷ್ಮೆ ನೇಯುತ್ತ ಬಂದ ಬೀದಿಯಲ್ಲಿ. ಅಲ್ಲಿ ಹೊಸಿಲ ಒಳಗೆ ಕನ್ನಡ, ಹೊಸಿಲ ಆಚೆ ತಮಿಳು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಮೀಸೆ ಬಂದ ಮೇಲೆ, ಹೊಸೂರಿನಲ್ಲಿ ಕೆಲಸಕ್ಕಿದ್ದಾಗ. ಒತ್ತಕ್ಷರ ಎದುರಾದರೆ ಈಗಲೂ ಎದೆ ಡವಗುಟ್ಟುತ್ತದೆ. ನನ್ನ ಎದೆ ಡವಗುಟ್ಟುವುದಕ್ಕೆ ಒತ್ತಕ್ಷರವೇ ಬೇಕೆಂದಿಲ್ಲ, ಆ ಮಾತು ಬೇರೆ. ಅತ್ತೆ ನನ್ನನ್ನು ಕರೆಯುವುದೇ ‘ದಿಗಿಲಪ್ಪ’ ಎಂದು. ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿದೆ.

ಅತ್ತೆ ನೇಯುವವಳಲ್ಲ, ಹೊಸೆಯುವವಳು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಎಳೆದ ನೂಲಿನ ಸಾಲು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ನಾಲ್ಕೈದು ಸಾವಿರ ಎಳೆ. ಯಾರ ಮನೆಯ ಹಾಸು ಮುಗಿದರೂ ಅತ್ತೆಗೆ ಕರೆ ಬರುತ್ತದೆ. ಬೀದಿಯ ಅರ್ಧ ಮಗ್ಗಗಳು ಅವಳ ಬೆರಳಿನಿಂದ ಓಡುತ್ತವೆ, ಇನ್ನರ್ಧ ಅವಳ ಬಾಯಿಗೆ ಹೆದರಿ ಓಡುತ್ತವೆ.

ಅವಳ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ನಮಗೆ ತಿಳಿಯದೆ ಹೋದದ್ದಕ್ಕೆ ಕಾರಣ ಅವಳ ಜ್ಞಾಪಕಶಕ್ತಿ. ಬೀದಿಯ ಶಾಲೆಯಲ್ಲಿ ಒಮ್ಮೆ ಕಣ್ಣಿನ ಶಿಬಿರ ನಡೆಯಿತು. ಗೋಡೆಯ ಮೇಲೆ ತಮಿಳು ಅಕ್ಷರಗಳ ಹಲಗೆ, ಎದುರಿಗೆ ಜನರ ಸಾಲು. ಅತ್ತೆಯ ಮುಂದೆ ಹತ್ತು ಹನ್ನೆರಡು ಮಂದಿ ಇದ್ದರು. ನಮ್ಮ ಬೀದಿಯಲ್ಲಿ ಸೀರೆಯಂಚಿನ ಹೂವು, ಹಂಸ, ಗೋಪುರಗಳನ್ನು ಯಾರೂ ಬರೆದಿಟ್ಟುಕೊಂಡು ಕಲಿತವರಲ್ಲ. ಹಿರಿಯರೊಬ್ಬರು ಎಳೆಯ ಲೆಕ್ಕ ಕೂಗುತ್ತಿದ್ದರೆ ಪಕ್ಕದಲ್ಲಿ ಕೂತವರಿಗೆ ಅದು ಕಿವಿಯಿಂದಲೇ ಬಾಯಿಪಾಠ. ಆ ಅಭ್ಯಾಸ ಶಿಬಿರದಲ್ಲಿ ಕೈಹಿಡಿಯಿತು. ಮುಂದಿನವರು ಓದುವುದನ್ನು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅತ್ತೆ ಇಡೀ ಹಲಗೆಯನ್ನು ಅಂಚಿನ ವಿನ್ಯಾಸದಂತೆ ಮನಸ್ಸಿನೊಳಗೆ ಇಳಿಸಿಕೊಂಡಳು. ಅವಳ ಸರದಿ ಬಂದಾಗ ಅಕ್ಷರ ತೋರಿಸುವವರ ಕೋಲು ಮೂರನೆಯ ಸಾಲಿಗೆ ಹೋಗುವ ಮೊದಲೇ ಇವಳು ಆರನೆಯ ಸಾಲು ಮುಗಿಸಿದ್ದಳು. “ಕಣ್ಣು ರೊಂಬ ನಲ್ಲಾ ಇರುಕ್ಕು ಪಾಟಿ” ಎಂದು ಶಿಬಿರದವರು ತಲೆದೂಗಿ ಕಳಿಸಿದರು, ಕಣ್ಣು ತುಂಬ ಚೆನ್ನಾಗಿದೆ ಅಜ್ಜಿ, ಎಂದು.

ಯಾಕೆ ಹೀಗೆ ಮಾಡಿದೆ ಎಂದು ನಾನು ಎಷ್ಟೋ ಕಾಲದ ಮೇಲೆ ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅಷ್ಟು ಜನ ಓದ್ತಾವ್ರೆ. ನಾನೊಬ್ಳು ಫೇಲಾಗಿ ಬರ್ಲಾ?”

ಹೀಗೆ ಪಾಸಾದ ಕಣ್ಣುಗಳಿಂದ ಅವಳು ಇನ್ನೂ ಎರಡು ವರ್ಷ ಕಳೆದಳು. ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತಿದ್ದಳು. ಮಾತಾಡದೆ ದಾಟಿಹೋದವರಿಗೆ ಕೊಬ್ಬು ಬಂದಿದೆ ಎಂದು ಸಾರುತ್ತಿದ್ದಳು. ಬೀದಿಯಲ್ಲಿ ಕೊಬ್ಬಿನವರ ಸಂಖ್ಯೆ ಹೆಚ್ಚುತ್ತ ಹೋದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಊರಿಗೆಲ್ಲ ಆತಂಕಪಡುವ ನಾನು ಆತಂಕಪಡಬೇಕಾದ ಜಾಗದಲ್ಲಿ ನಿಶ್ಚಿಂತೆಯಾಗಿದ್ದೆ.

ಅಷ್ಟರಲ್ಲಿ ಇನ್ನೊಂದು ಬಂತು. ಎಡಗಡೆ ಪಕ್ಕೆಯ ಕೆಳಗೆ ಏನೋ ಭಾರ, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತೆ, ಸೊಂಟದಲ್ಲಿ ಸೀರೆ ನಿಲ್ಲುತ್ತಿಲ್ಲ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಬಿಳಿಕಣಗಳು ಮಿತಿಮೀರಿ ತುಂಬಿಕೊಂಡಿವೆ ಎಂದರು. ಅಲ್ಲಿಂದ ದೊಡ್ಡ ಆಸ್ಪತ್ರೆ, ಸೊಂಟದ ಮೂಳೆಯಿಂದ ಸೂಜಿಯಲ್ಲಿ ತೆಗೆದ ಮಜ್ಜೆ, ಮತ್ತೆ ಕಾಯುವುದು. ಕೊನೆಗೆ ರಕ್ತದ ಡಾಕ್ಟರಮ್ಮ ನಮ್ಮಿಬ್ಬರನ್ನು ಕೂರಿಸಿ ಹೇಳಿದರು: ಇದು ಲುಕೇಮಿಯಾ, ನಿಧಾನವಾಗಿ ನಡೆಯುವ ಜಾತಿಯದು. ಬೇರುಸಹಿತ ಹೋಗುವುದೆಂಬ ಭರವಸೆ ಕೊಡಲಾರೆ, ಆದರೆ ದಿನಕ್ಕೊಂದು ಮಾತ್ರೆಯಿಂದ ಹಿಡಿತದಲ್ಲಿ ಇಡಬಹುದು. ಬಹಳ ವರ್ಷ ಇಡಬಹುದು.

ನನಗೆ ‘ಲುಕೇಮಿಯಾ’ದ ನಂತರ ಏನೂ ಕೇಳಿಸಲಿಲ್ಲ. ಅತ್ತೆ ಬಿಳಿಕಣ ಎಂದರೆ ಏನೆಂದು ಕೇಳಿದಳು. ಡಾಕ್ಟರಮ್ಮ ವಿವರಿಸಿದರು. ಅವಳು ಅದನ್ನು ತನ್ನ ಭಾಷೆಗೆ ಇಳಿಸಿಕೊಂಡು ನನ್ನ ಕಡೆ ತಿರುಗಿದಳು. “ಅಣಿಗೆ ಒಳಗೆ ನೂರು ಎಳೆ ಇರ್ಬೇಕಾದ ಕಡೆ ಸಾವ್ರ ತುರುಕವ್ರೆ ಕಣ್ಲಾ. ಲಾಳಿ ಎಂಗೆ ಓಡ್ತದೆ?” ಹಣಿಗೆ ಎಂದರೆ ಹಾಸಿನ ಎಳೆಗಳನ್ನು ಒತ್ತಾಗಿ, ಬೇರೆಬೇರೆಯಾಗಿ ಹಿಡಿದಿಡುವ ಬಾಚಣಿಗೆಯಂಥ ಸಾಧನ. ನಾನು ಅದನ್ನು ತಮಿಳಿನಲ್ಲಿ ಹೇಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಇಷ್ಟು ಸರಿಯಾಗಿ ತಮ್ಮ ವಿದ್ಯಾರ್ಥಿಗಳೂ ಹೇಳುವುದಿಲ್ಲ ಎಂದರು. ಕೆಟ್ಟಿತು! ಅಂದಿನಿಂದ ಆ ಆಸ್ಪತ್ರೆಯ ವರಾಂಡದಲ್ಲಿ ಕೂತ ಹೊಸ ರೋಗಿಗಳಿಗೆಲ್ಲ ಪಾಠ ಹೇಳುವ ಕೆಲಸವನ್ನು ಅತ್ತೆ ತಾನೇ ವಹಿಸಿಕೊಂಡಳು. ಅತ್ತುಕೊಂಡು ಬಂದವರು ಮಗ್ಗದ ಬಗ್ಗೆ ಸಾಕಷ್ಟು ತಿಳಿದುಕೊಂಡು ಒಳಗೆ ಹೋಗುತ್ತಿದ್ದರು.

ನಾನು ಆ ಕಾಯಿಲೆಯ ಹೆಸರನ್ನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ‘ಬ್ಲಡ್ಡಲ್ಲಿ ಸ್ವಲ್ಪ ಪ್ರಾಬ್ಲಂ’ ಎನ್ನುತ್ತಿದ್ದೆ. ಅತ್ತೆ ಅದನ್ನು ಟೌನ್ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದಳು. ಮಾತ್ರೆ ಶುರುವಾದ ಮೇಲೆ ಬೆಳಗಿನ ಹೊತ್ತು ಅವಳ ರೆಪ್ಪೆಗಳು ಊದಿಕೊಳ್ಳುತ್ತಿದ್ದವು, ಮೀನಖಂಡ ಸೆಳೆಯುತ್ತಿತ್ತು, ಮೈಬಣ್ಣ ಬರಬರುತ್ತ ತಿಳಿಯಾಯಿತು. ಡಾಕ್ಟರಮ್ಮ ಇದೂ ಮಾತ್ರೆಯದೇ ಕೆಲಸ ಎಂದಾಗ ಅತ್ತೆ ತನ್ನ ಕೈಯನ್ನು ಮುಖದ ಹತ್ತಿರ, ತೀರಾ ಹತ್ತಿರ ಹಿಡಿದುಕೊಂಡು ನೋಡಿದಳು. “ಮದ್ವೆ ವಯಸ್ಸಲ್ಲಿ ಬರ್ದೆ ಇದ್ದ ಬಣ್ಣ ಈಗ ಬಂದೈತೆ. ಯಾರಿಗೆ ತೋರಿಸ್ಲಿ?”

ಎಲ್ಲರೂ ನಕ್ಕರು. ಕೈಯನ್ನು ಅಷ್ಟು ಹತ್ತಿರ ಹಿಡಿಯಬೇಕಾಗಿ ಬಂದದ್ದನ್ನು ನಾನು ಅವತ್ತೂ ಗಮನಿಸಲಿಲ್ಲ.

ಆಮೇಲೆ ಒಂದು ಭಾನುವಾರ ಅವಳಾಗಿ ಬಾಯಿಬಿಟ್ಟಳು. ಎರಡೂ ಕಣ್ಣು ಮಂಜು, ಬಲಗಣ್ಣಂತೂ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. “ಆಪರೇಷನ್ ಮಾಡ್ಸಿಬಿಡು. ಕೆಲ್ಸಕ್ಕೆ ಆಗ್ತಿಲ್ಲ.”

ಕಣ್ಣು ಮಂಜಾಗಿದ್ದಾಗಲೇ ಕೆಲಸ ಮಾಡಿಕೊಂಡಿದ್ದವಳು, ಹಲಗೆಯ ಮುಂದೆ ಪಾಸಾಗಿ ಬಂದವಳು, ಈಗ, ಈ ಕಾಯಿಲೆಯ ನಡುವೆ, ಯಾಕೆ ಕೇಳುತ್ತಿದ್ದಾಳೆ? ನೆಂಟರಲ್ಲಿ ಕೆಲವರು ಅದನ್ನು ಬಾಯಿಬಿಟ್ಟೇ ಆಡಿದರು. ರಕ್ತದಲ್ಲಿ ಅಂಥದ್ದನ್ನು ಇಟ್ಟುಕೊಂಡು ಕಣ್ಣಿಗೆ ಕತ್ತರಿ ಹಾಕಿಸುವುದೇ, ಇನ್ನು ಎಷ್ಟು ದಿನಕ್ಕೆ, ಎಂದರು. ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಕೆಲಸಕ್ಕೆ. ನಮ್ಮ ಬೀದಿಯಲ್ಲಿ ಕೆಲಸಕ್ಕೆ ಎಂದ ಮೇಲೆ ಮಾತು ಮುಗಿಯಿತು. ಅಲ್ಲಿ ಮದುವೆಯ ಮುಹೂರ್ತವನ್ನೂ ಮಗ್ಗದ ಮೇಲಿನ ಸೀರೆ ಇಳಿಯುವ ದಿನ ನೋಡಿಕೊಂಡು ಇಡುತ್ತಾರೆ.

ನಾನು ಬಾಯಿಬಿಡಲಿಲ್ಲ. ಆದರೆ ಅವಳು ಹೊರಗೆ ಪಾಠ ಹೇಳುತ್ತಿದ್ದ ಹೊತ್ತಿನಲ್ಲಿ ನಾನೊಬ್ಬನೇ ಡಾಕ್ಟರಮ್ಮನ ಕೋಣೆಗೆ ಹೋಗಿ, ದನಿ ತಗ್ಗಿಸಿ, ಈ ಸ್ಥಿತಿಯಲ್ಲಿ ಇದು ಅಗತ್ಯವೇ ಎಂದು ಕೇಳಿದೆ. ಕಣ್ಣಿಗೆ ಸೋಂಕು ತಗುಲಿದರೆ? ರಕ್ತ ನಿಲ್ಲದಿದ್ದರೆ? ಕೇಳುವಾಗ ನಾನು ತುಂಬ ವಿವೇಕಿಯಂತೆ ಕಾಣುತ್ತಿದ್ದೇನೆಂದು ನನಗೇ ಅನ್ನಿಸಿತ್ತು. ಅವರು ಸಿಡುಕಲಿಲ್ಲ. ರಕ್ತದ ಲೆಕ್ಕ ಸರಿಯಿರುವ ದಿನ ನೋಡಿಯೇ ಒಪ್ಪಿಗೆ ಚೀಟಿ ಕೊಡುವುದು, ಆಮೇಲೆ ಹನಿ ಔಷಧಿ ತಪ್ಪಿಸಬಾರದು ಅಷ್ಟೆ, ಎಂದರು. ಆಮೇಲೆ ಅಂದರು: “ಇದು ನಿಧಾನದ ಕಾಯಿಲೆ ಅಂತ ಅವತ್ತೇ ಹೇಳಿದೆನಲ್ಲ ಸಾರ್. ಅಷ್ಟು ವರ್ಷ ಅವರು ಮಂಜಿನೊಳಗೇ ಇರಬೇಕಾ?”

ನಾನು ತಲೆ ತಗ್ಗಿಸಿ ಹೊರಗೆ ಬಂದೆ. ತಗ್ಗಿದ್ದು ತಲೆ ಮಾತ್ರ, ದಿಗಿಲಲ್ಲ.

ಮೊದಲ ಸಲ ದಿನ ಗೊತ್ತಾಯಿತು. ಹಿಂದಿನ ವಾರದ ರಕ್ತಪರೀಕ್ಷೆಯಲ್ಲಿ, ಸಾವಿರ ಎಳೆ ಇದ್ದ ಕಡೆ ಈಗ ನೂರಕ್ಕೂ ಬರ! ಮಾತ್ರೆ ಬಿಳಿಕಣಗಳನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿಬಿಟ್ಟಿತ್ತು. ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಲೆಕ್ಕ ಮೇಲೆ ಬಂದ ಮೇಲೆ ಮತ್ತೆ ಶುರುಮಾಡಿದರು. ಆಪರೇಷನ್ ಮುಂದಕ್ಕೆ ಹೋಯಿತು.

ಎರಡನೆಯ ಸಲ ಮುಂದಕ್ಕೆ ಹೋದದ್ದನ್ನು ಹೇಳುವುದು ಕಷ್ಟ. ಲೆಕ್ಕ ಸರಿಯಿತ್ತು. ಒಪ್ಪಿಗೆ ಚೀಟಿ ಸಿಕ್ಕಿತ್ತು. ಬೆಳಿಗ್ಗೆ ಮೊರಪ್ಪೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದೆ. ಮೊಬೈಲಿನಲ್ಲಿ ಏನೇನೋ ಓದಿಕೊಂಡಿದ್ದೆ; ಕಣ್ಣೊಳಗೆ ಸೋಂಕಾಗಿ ಇದ್ದ ಬೆಳಕೂ ಹೋದವರ ಕಥೆಗಳೇ ನನಗೆ ಹುಡುಕಿಕೊಂಡು ಬಂದು ಸಿಗುತ್ತವೆ. ಕೈ ತಾನಾಗಿ ಕಣ್ಣಾಸ್ಪತ್ರೆಯ ನಂಬರ್ ಒತ್ತಿತು. ಪೇಷೆಂಟಿಗೆ ಕೆಮ್ಮು ಹಿಡಿದಿದೆ, ಇವತ್ತು ಬರಲಾಗುವುದಿಲ್ಲ ಎಂದೆ. ಕೆಮ್ಮುವಾಗ ಕಣ್ಣು ಅಲುಗುತ್ತದಲ್ಲ, ಹಾಗಾದರೆ ಬೇಡ, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಆಮೇಲೆ ರೈಲು ಹತ್ತಿ ಸೇಲಂಗೆ ಹೋದೆ. ಅತ್ತೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಡಾಕ್ಟರು ರಜೆಯಂತೆ ಎಂದೆ. ಅವಳು ಎದ್ದು ಒಳಗೆ ಹೋಗಿ, ಗೋಡೆಯನ್ನು ಸವರಿಕೊಂಡು ಮೊಳೆ ಹುಡುಕಿ ಚೀಲವನ್ನು ತೂಗುಹಾಕಿದಳು. ನಾನು ನೋಡುತ್ತ ನಿಂತಿದ್ದೆ.

ಮೂರನೆಯ ಸಲದ ದಿನ ಅಮಾವಾಸ್ಯೆಗೆ ಬಿತ್ತು. ತಮಿಳರಿಗೆ ಅದು ಹೊಸ ಕೆಲಸಕ್ಕೆ ಒಳ್ಳೆಯ ದಿನ. ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟದ ದಿನ. ನಾನು ಅಪಶಕುನ ಎನ್ನುವುದರೊಳಗೆ ಅತ್ತೆ ತೀರ್ಪು ಕೊಟ್ಟಳು: “ಒಳ್ಳೇದೇ ಆಯ್ತು. ಬೀದಿಗೆಲ್ಲ ರಜ. ಯಾರ ಮಗ್ಗದ ಆಸೂ ನನ್ನಿಂದ ನಿಲ್ಲಾಕಿಲ್ಲ.”

ಆಸ್ಪತ್ರೆಯಲ್ಲಿ ನರ್ಸಮ್ಮ ಫೈಲು ತೆರೆದು ನೋಡಿ, ತಲೆಯೆತ್ತಿ ಕೇಳಿದಳು. “ಇರುಮಲ್ ಸರಿಯಾಚ್ಚಾ ಪಾಟಿ?” ಕೆಮ್ಮು ವಾಸಿಯಾಯಿತೇ ಅಜ್ಜಿ, ಎಂದು!

ನನ್ನ ಕಾಲ ಕೆಳಗಿನ ನೆಲ ಕುಸಿದರೆ ಸಾಕಾಗಿತ್ತು. ಅತ್ತೆ ಮಂಜು ಕಣ್ಣುಗಳನ್ನು ನಿಧಾನವಾಗಿ ನಾನಿದ್ದ ಕಡೆಗೆ ತಿರುಗಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು, ಗಂಭೀರವಾಗಿ, ಎರಡು ಸಲ ಕೆಮ್ಮಿದಳು. “ಈಗ ಪರವಾಯಿಲ್ಲಮ್ಮಾ” ಎಂದಳು. ನರ್ಸಮ್ಮ ಗಾಬರಿಯಾಗಿ ಡಾಕ್ಟರನ್ನು ಕರೆತಂದಳು. ಅವರು ಎದೆಗೂಡಿಗೆ ಕೊಳವೆ ಇಟ್ಟು ಕೇಳಿ, ಏನೂ ಇಲ್ಲ ಎಂದ ಮೇಲೆಯೇ ಬಿಡುಗಡೆ.

ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕಾಯುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು. “ಕೆಮ್ಮು ಬಂದಿದ್ದು ನಂಗಾ, ನಿಂಗಾ?”

“ನಂಗೇ ಅತ್ತೆ.”

“ಔಷ್ದಿ ತಗೊಂಡ್ಯಾ?”

ಆಮೇಲೆ ಅವಳು ಅದನ್ನು ಮತ್ತೆ ಎತ್ತಲಿಲ್ಲ. ಬಯ್ದಿದ್ದರೆ ಎಷ್ಟೋ ಸುಖವಿತ್ತು.

ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಲಹುಬ್ಬಿನ ಮೇಲೆ ಶಾಯಿಯ ಗುರುತು, ಹಸಿರು ಟೋಪಿ, ಬರಿಗೈ. ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಗೋಡೆಯ ಮೇಲಿನ ಎಲ್ಲ ಬೋರ್ಡುಗಳನ್ನೂ ಓದಿದೆ, ಬೆಂಕಿ ಆರಿಸುವ ಉಪಕರಣದ ಮೇಲಿನ ಸೂಚನೆಗಳ ಸಮೇತ. ಆ ಬಳೆಗಳು ಎಷ್ಟು ಚಿಕ್ಕವು! ಬೀದಿಯನ್ನೆಲ್ಲ ಆಳಿದ ಕೈ ಇಷ್ಟೇ ಅಗಲವಿತ್ತೆ? ಇದ್ದಕ್ಕಿದ್ದಂತೆ, ಒಂದು ತಿಂಗಳ ಹಿಂದೆ ಅವಳು ಗೋಡೆ ಸವರಿ ಮೊಳೆ ಹುಡುಕಿದ್ದು ಕಣ್ಣಿಗೆ ಕಟ್ಟಿತು. ಹೇಗೂ ದಿಗಿಲಾಗಿಯೇ ಇರುತ್ತಿದ್ದೆ. ಆಪರೇಷನ್ ಮಾಡಿಸಿದರೂ ದಿಗಿಲು, ಮಾಡಿಸದಿದ್ದರೂ ದಿಗಿಲು. ಆ ತಿಂಗಳ ಮಂಜು ಮಾತ್ರ ಪೂರ್ತಿ ಅವಳ ಪಾಲಿಗೆ ಬಂದಿತ್ತು.

ಅರ್ಧ ಗಂಟೆಯೂ ಆಗಿರಲಿಲ್ಲ, ಗಾಲಿಕುರ್ಚಿಯಲ್ಲಿ ಹೊರಗೆ ಬಂದಳು, ಬಲಗಣ್ಣಿಗೆ ಬಟ್ಟೆ. ಒಳಗೆ ಮಾತಾಡಬಾರದು ಎಂದಿದ್ದರಂತೆ. ಅದಕ್ಕೆ ಮನಸ್ಸಿನಲ್ಲೇ ಎಳೆ ಹೊಸೆಯುತ್ತ ಎಣಿಸುತ್ತಿದ್ದಳಂತೆ. “ನಾನ್ನೂರ ಹನ್ನೆರಡು ಎಳೆಗೆ ಮುಗಿಸ್ದ. ಕೈ ಒಳ್ಳೇದು, ವಾಸಿ” ಎಂದು ಆ ಡಾಕ್ಟರಿಗೆ ಪ್ರಮಾಣಪತ್ರ ಕೊಟ್ಟಳು.

ಮರುದಿನ ಬಟ್ಟೆ ತೆಗೆದರು. ಹಲಗೆಯ ಮುಂದೆ ಕೂರಿಸಿದಾಗ ಅವಳು ಬಾಯಿಪಾಠ ಒಪ್ಪಿಸಲಿಲ್ಲ. ಒಂದೊಂದೇ ಅಕ್ಷರವನ್ನು ತಡೆದು ತಡೆದು, ಎರಡು ಕಡೆ ತಪ್ಪಾಗಿ ಓದಿದಳು. ನಾನು ಅಷ್ಟು ಸಂತೋಷದಿಂದ ಯಾರ ತಪ್ಪನ್ನೂ ಕೇಳಿದವನಲ್ಲ. ರಕ್ತ ಒಸರಲಿಲ್ಲ, ಸೋಂಕಾಗಲಿಲ್ಲ. ನಾನು ಒಂದು ವಾರ ರಜೆ ಹಾಕಿ ಗಡಿಯಾರ ನೋಡಿಕೊಂಡು ಹನಿ ಹಾಕಿದೆ. ಪ್ರತಿ ಸಲವೂ ಸೋಪಿನಲ್ಲಿ ಕೈ ಉಜ್ಜಿ ಉಜ್ಜಿ ನನ್ನ ಬೆರಳ ಚರ್ಮ ಸುಲಿಯಿತು. ಅವಳಿಗೆ ಏನೂ ಆಗಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಹೋದವನು ನಾನು.

ಆರು ವಾರ ಕಳೆದ ಮೇಲೆ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಕಣ್ಣಿನವರೂ ರಕ್ತದವರೂ ಹೇಳಿದ ಮೇಲೆ, ಒಂದು ಭಾನುವಾರ ಸೇಲಂಗೆ ಹೋದೆ. ಅತ್ತೆ ಮೂರನೆಯ ಮನೆಯಲ್ಲಿ ಹಾಸು ಹೊಸೆಯಲು ಕೂತಿದ್ದಾಳೆ ಎಂದರು. ಅವಳು ಹೊಸೆಯುವುದನ್ನು ನಾನು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ಮಗ್ಗದ ಮುಂದೆ ಕಾಲು ಮಡಚಿ ಕೂತಿದ್ದಾಳೆ. ಒಂದು ಕಡೆ ಹಳೆಯ ಹಾಸಿನ ಕೆಂಪು, ಇನ್ನೊಂದು ಕಡೆ ಹೊಸ ಹಾಸಿನ ಕೆಂಪು. ನಡುವೆ ಬೆರಳುಗಳು ಎಳೆ ಹೆಕ್ಕುತ್ತಿವೆ, ಬೂದಿ ಮುಟ್ಟುತ್ತಿವೆ, ಹೊಸೆಯುತ್ತಿವೆ. ಕಣ್ಣು ಮಾತ್ರ ಅತ್ತ ಇಲ್ಲವೇ ಇಲ್ಲ! ಅವಳು ಬಾಗಿಲ ಕಡೆ ನೋಡುತ್ತಿದ್ದಾಳೆ. ನೂರು ಎಳೆ ಆಯಿತೇನೋ, ಒಮ್ಮೆಯಾದರೂ ಕೈಯ ಕಡೆ ಕಣ್ಣು ತಿರುಗಲಿಲ್ಲ.

“ಅತ್ತೆ, ಕೈ ನೋಡ್ಕೊಂಡು ಮಾಡು” ಎಂದೆ.

“ಅದ್ನೇನು ನೋಡೋದು. ಎಳೆ ಸಾಲಾಗಿ ಕೂತಿರ್ತದೆ, ಬೆರಳಿಗೆ ಸಿಗ್ತದೆ. ಎಂದೂ ನೋಡಿ ಮಾಡ್ದೋಳಲ್ಲ ನಾನು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು. ರಕ್ತದ ಲೆಕ್ಕಗಳು, ಚೀಟಿಗಳು, ಮೂರು ಸಲದ ದಿಗಿಲು! ಕೆಲಸಕ್ಕೆ ಕಣ್ಣೇ ಬೇಡ ಎನ್ನುವುದಾದರೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿಯೇಬಿಟ್ಟೆ.

ಅವಳ ಬೆರಳು ನಿಲ್ಲಲಿಲ್ಲ.

“ಕೆಲ್ಸಕ್ಕೆ ಅಂದ್ರೆ ಒಪ್ತೀರಾ. ಸುಮ್ನೆ ನೋಡ್ಬೇಕು ಅಂತ ಆಸೆ ಅಂದ್ರೆ, ಇಂಥಾ ಕಾಯಿಲೆ ಬಂದೋಳಿಗೆ ಅದ್ಯಾಕೆ ಅಂತಿರ್ಲಿಲ್ವಾ ನೀವೆಲ್ಲಾ?”

ಆ ಮಾತನ್ನು ನಾನು ಡಾಕ್ಟರಮ್ಮನ ಕೋಣೆಯಲ್ಲಿ ದನಿ ತಗ್ಗಿಸಿ ಮೊದಲೇ ಹೇಳಿ ಬಂದಿದ್ದೆ.

“ಏನು ನೋಡ್ಬೇಕತ್ತೆ? ಏಳು. ಹೊಗೆನಕಲ್ಲಿಗೆ ಹೋಗೋಣ್ವಾ? ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ.”

“ಎಲ್ಲಿಗೂ ಬ್ಯಾಡ” ಎಂದಳು. ಗದ್ದವನ್ನು ಬೀದಿಯ ಕಡೆಗೆ ಎತ್ತಿ ತೋರಿಸಿದಳು. “ಇದೇ. ನೀನು ಬಾಕ್ಲಿಗೆ ಅಡ್ಡ ನಿಂತಿದೀಯ. ಇತ್ಲಾಗ್ ಬಾ.”

ನಾನು ಬಾಗಿಲು ಬಿಟ್ಟು ಒಳಗೆ ಸರಿದೆ. ಬೀದಿಯಲ್ಲಿ ಯಾರೋ ಉದ್ದಕ್ಕೆ ಹಾಸು ಎಳೆದು ಗಂಜಿ ಹಚ್ಚುತ್ತಿದ್ದರು. ಗಿಳಿಹಸಿರು ನೂಲಿನ ಮೇಲೆ ಬಿಸಿಲು ಬಿದ್ದಿತ್ತು. ಅವಳ ಪಕ್ಕದಲ್ಲಿ, ಅವಳು ನೋಡುತ್ತಿದ್ದ ಕಡೆಗೇ ಮುಖಮಾಡಿ ಕೂತೆ.